ಯಾವ ವಿಟಮಿನ್ ಇ ಅಂತಲೂ ಹೇಳಬೇಕಿತ್ತು

ವಿಟಮಿನ್ ಇ ಮಾತು ಬರುವ ಲೇಖನವೊಂದನ್ನು ಓದಿದೆ, ಚೆನ್ನಾಗಿದೆ. ಆದರೆ ಅದರಲ್ಲಿ ‘ವಿಟಮಿನ್ ಇ ಕೊಲೆಸ್ಟ್ರಾಲ್ ಇಳಿಸುತ್ತದೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ. ವಿಟಮಿನ್ ಇ ಅಂದರೆ ಎಂಟು ಮಂದಿಯ ಮನೆ. ನಾಲ್ಕು ಟೋಕೋಫೆರಾಲ್, ನಾಲ್ಕು ಟೋಕೋಟ್ರೈಯೆನಾಲ್. ಮೆಡಿಕಲ್ ಶಾಪಿನ ಹಸಿರು ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಆಲ್ಫಾ ಟೋಕೋಫೆರಾಲ್. ಅದಕ್ಕೆ ಕೊಲೆಸ್ಟ್ರಾಲ್ ಇಳಿಸುವ ಗುಣ ಇಲ್ಲ. ನಮ್ಮ ಅಪ್ಪ ಎರಡು ವರ್ಷ ಸುಮ್ನೆ ನುಂಗಿದರು, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಕದಲಲಿಲ್ಲ. ಉದುರಿದ ಕೂದಲೂ ಬರಲಿಲ್ಲ ಬಿಡಿ!

ಕೊಲೆಸ್ಟ್ರಾಲ್ ವಿಷಯದಲ್ಲಿ ಹೆಸರು ಮಾಡಿದ್ದು ಟೋಕೋಟ್ರೈಯೆನಾಲ್, ಅದರಲ್ಲೂ ಗಾಮಾ ಮತ್ತು ಡೆಲ್ಟಾ ಅನ್ನುವ ಬಗೆಗಳು. ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಎಚ್‌ಎಂಜಿ-ಕೋಎ ರಿಡಕ್ಟೇಸ್ ಅನ್ನುವ ಕಿಣ್ವ ಬೇಕು. ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಕೊಡುವ ಸ್ಟ್ಯಾಟಿನ್ ಮಾತ್ರೆ ಆ ಕಿಣ್ವದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಟೋಕೋಟ್ರೈಯೆನಾಲ್ ಆ ಕಿಣ್ವವೇ ಬೇಗ ಒಡೆದುಹೋಗುವಂತೆ ಮಾಡುತ್ತದೆ. ಜೀವಕೋಶಗಳಲ್ಲಿ, ಪ್ರಾಣಿಗಳಲ್ಲಿ ಇದು ಚೆನ್ನಾಗಿಯೇ ಕಂಡಿದೆ. ಆದರೆ ಮನುಷ್ಯರಲ್ಲಿ ಕೆಲವು ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಇಳಿದಿದೆ, ಕೆಲವದರಲ್ಲಿ ಏನೂ ಆಗಿಲ್ಲ. ಜೊತೆಯಲ್ಲಿ ಆಲ್ಫಾ ಟೋಕೋಫೆರಾಲ್ ಜಾಸ್ತಿ ಇದ್ದರೆ ಇದರ ಪರಿಣಾಮ ತಗ್ಗುತ್ತದೆ ಅಂತಲೂ ಪ್ರಾಣಿ ಪ್ರಯೋಗಗಳಲ್ಲಿ ಕಂಡುಬಂದಿದೆ.

ಟೋಕೋಟ್ರೈಯೆನಾಲ್ ಅಕ್ಕಿ ತೌಡಿನ ಎಣ್ಣೆ, ತಾಳೆ ಎಣ್ಣೆ, ಬಾರ್ಲಿಯಲ್ಲಿ ಸಿಗುತ್ತದೆ. ಹಾಗಂತ ತಾಳೆ ಎಣ್ಣೆಯಲ್ಲಿ ಬೋಂಡ ಕರಿದು ತಿನ್ನೋಕಾಗುತ್ತಾ? ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ತೌಡಿನ ಎಣ್ಣೆಯ ಒಳ್ಳೆಯ ಹೆಸರಿನಲ್ಲೂ ಒರೈಜನಾಲ್, ಸ್ಟೆರಾಲ್ ಅನ್ನುವ ಬೇರೆ ಪದಾರ್ಥಗಳ ಪಾಲಿದೆ.

ಇನ್ನು ವಿಟಮಿನ್ ಇ ಹೃದಯಕ್ಕಾದರೂ ಒಳ್ಳೆಯದಾ ಅಂದರೆ, 2000ದಲ್ಲಿ ಬಂದ ಹೋಪ್ ಅನ್ನುವ ಹೃದಯದ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಜನ ಇದ್ದರು. ಅರ್ಧ ಜನರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರು. ಹೃದಯಾಘಾತವೇನೂ ಕಡಿಮೆಯಾಗಲಿಲ್ಲ. ಇನ್ನೊಂದು ಮಾತು, ಲೇಖನದಲ್ಲಿ ಬಿಟ್ಟುಹೋಗಿದೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ವಿಟಮಿನ್ ಇ ಕ್ಯಾಪ್ಸೂಲ್ ಮುಟ್ಟಬೇಡಿ, ರಕ್ತಸ್ರಾವದ ಭಯ ಇದೆ.