ರೋಗಿಗೆ ತಿಳಿಸದೆ ಔಷಧಿ ಬೆರೆಸಿ ಕೊಡಬಹುದೇ?

ಪರ

ಮಗನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ತನ್ನನ್ನೇ ಬೈಯುತ್ತಿದ್ದಾರೆ ಅಂತ ರಾತ್ರಿಯೆಲ್ಲ ಜಗಳಕ್ಕೆ ನಿಲ್ಲುತ್ತಾನೆ. ಆಸ್ಪತ್ರೆಗೆ ಬಾ ಅಂದರೆ, 'ನನಗೇನಾಗಿದೆ?' ಅಂತಾನೆ. ಹಟ ಮಾಡಿ ಹಾಗನ್ನುವುದಿಲ್ಲ. ತನಗೆ ಕಾಯಿಲೆಯಿದೆ ಅಂತ ತಿಳಿಯದಿರುವುದೂ ಈ ಕಾಯಿಲೆಯ ಒಂದು ಲಕ್ಷಣ. ಅಂಥ ಮನೆಯಲ್ಲಿ ತಾಯಿ, ಈ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ರಿಸ್ಪೆರಿಡೋನ್ ಎಂಬ ಔಷಧಿಯ ದ್ರಾವಣವನ್ನು ಕಾಫಿಗೆ ಬೆರೆಸಿದರೆ ಮೋಸ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಒಪ್ಪದವರನ್ನೂ 30 ದಿನದವರೆಗೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾರಿಯಿದೆ, ನಿಜ. ಆದರೆ ಹಳ್ಳಿಯಿಂದ ಅವನನ್ನು ಕರೆದೊಯ್ಯುವವರು ಯಾರು? ನಾಲ್ಕು ಜನ ಹಿಡಿದು, ಕೈಕಾಲು ಕಟ್ಟಿ ಜೀಪಿಗೆ ಹಾಕಬೇಕು. ಊರೆಲ್ಲ ನೋಡುತ್ತದೆ. ಅದಕ್ಕಿಂತ ಇದೇ ವಾಸಿ, ಅಲ್ವಾ? ಕೆಲವು ವಾರಗಳಲ್ಲಿ ದನಿಗಳು ಕಡಿಮೆಯಾಗಿ, ನಿದ್ದೆ ಬಂದರೆ, ಆಗ ಕೂತು ಮಾತಾಡಿ ಒಪ್ಪಿಸಬಹುದು.

ವಿರೋಧ

ಆ ತಾಯಿಯನ್ನು ಯಾರೂ ದೂರಬಾರದು. ನನ್ನ ತಕರಾರಿರುವುದು ರೋಗಿಯ ಮುಖ ನೋಡದೆ ಚೀಟಿ ಬರೆಯುವ ಡಾಕ್ಟರ ಮೇಲೆ.

ಈ ಔಷಧಿಯಿಂದ ಕೆಲವರಿಗೆ ಕತ್ತು ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಇಂಜೆಕ್ಷನ್ ಕೊಟ್ಟರೆ ಬೇಗ ಸರಿಹೋಗುವ ತೊಂದರೆ ಅದು. ಆದರೆ ಔಷಧಿ ಕುಡಿದಿದ್ದೇ ಗೊತ್ತಿಲ್ಲದವನು ಕ್ಯಾಶುವಾಲಿಟಿಯಲ್ಲಿ ಏನಂತ ಹೇಳಬೇಕು? ಕಾಫಿ ಬದಲು ಚಹಾಕ್ಕೆ ಹಾಕಿದರೆ ಈ ದ್ರಾವಣ ಹೊಂದುವುದಿಲ್ಲ ಅನ್ನುವುದನ್ನಾದರೂ ಮನೆಯವರಿಗೆ ಯಾರಾದರೂ ಹೇಳಿರುತ್ತಾರಾ? ಕುಡಿತ ಬಿಡಿಸಲು ಡೈಸಲ್ಫಿರಾಮ್ ಬೆರೆಸುವುದಂತೂ ಇನ್ನೂ ಅಪಾಯ. ತಿಳಿಯದೆ ತಿಂದವನು ಮೇಲೆ ಸಾರಾಯಿ ಕುಡಿದರೆ ಬಿಪಿ ಕುಸಿದು ಜೀವವೇ ಹೋಗಬಹುದು.

ಊಟಕ್ಕೆ ವಿಷ ಹಾಕುತ್ತಿದ್ದಾರೆ ಅನ್ನುವ ಭಯ ಈ ಕಾಯಿಲೆಯಲ್ಲಿ ಎಷ್ಟೋ ಜನಕ್ಕಿರುತ್ತದೆ. ಅಂಥವನ ಕೈಗೆ ಒಂದು ದಿನ ಆ ಬಾಟಲಿ ಸಿಕ್ಕಿತು ಅನ್ನಿ. ಆಮೇಲೆ ಅಮ್ಮ ಬಡಿಸಿದ ಅನ್ನವನ್ನೂ ಮುಟ್ಟಲಾರ.

ಕಾಯ್ದೆಯ ದಾಖಲಾತಿಗೆ ಗಡುವಿದೆ, ಪ್ರಶ್ನಿಸಲು ಮಂಡಳಿಯಿದೆ. ಬೆರೆಸಿದ ಔಷಧಿಗೆ ಎರಡೂ ಇಲ್ಲ. ಕೆಲವು ವಾರ ಅಂದದ್ದು ವರ್ಷಗಟ್ಟಲೆ ನಡೆಯುತ್ತದೆ. ಹುಷಾರಾಗಿರುವಾಗಲೇ, ಮುಂದೆ ಕಾಯಿಲೆ ಜಾಸ್ತಿಯಾದರೆ ಯಾವ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದಿಡಲೂ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ದಿನಾ ಔಷಧಿ ಕುಡಿಸುವ ಬದಲು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಅಲ್ಲಿಂದ ಒಬ್ಬರು ಮನೆಗೆ ಬಂದು ಅವನ ಜೊತೆ ಮಾತಾಡುವ ಏರ್ಪಾಡು ಮಾಡಿ ಅಂತ ಮೊದಲು ಕೇಳಬೇಕು.