ಟಿವಿಯ ಚುಕ್ಕಿಗಳೆಲ್ಲ ಬಿಗ್ ಬ್ಯಾಂಗ್ ಬೆಳಕಲ್ಲ

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ರಾತ್ರಿ ದೂರದರ್ಶನದ ಪ್ರಸಾರ ಮುಗಿದ ಮೇಲೆ ಪರದೆ ತುಂಬ ಕುಣಿಯುತ್ತಿದ್ದ ಕಪ್ಪು-ಬಿಳಿ ಚುಕ್ಕಿಗಳು, ಅಂದರೆ ನಾವು 'ಗ್ರೇನ್ಸ್' ಅಂತಿದ್ದೆವಲ್ಲ, ಅದೆಲ್ಲ ವಿಶ್ವ ಹುಟ್ಟಿದ ಕಾಲದ ಬೆಳಕಂತೆ. ಓದಲು ಚೆಂದ. ಆದರೆ ಪೂರ್ತಿ ನಿಜವಲ್ಲ.

ಅಂಥ ಬೆಳಕು ಇರುವುದಂತೂ ಹೌದು. ಬಿಗ್ ಬ್ಯಾಂಗ್, ಅಂದರೆ ವಿಶ್ವದ ಹುಟ್ಟು, ಆಗಿ ಸುಮಾರು 3,80,000 ವರ್ಷದ ನಂತರ ಹೊರಟಿದ್ದು, ಈಗ ಕಣ್ಣಿಗೆ ಕಾಣದ ಮೈಕ್ರೋವೇವ್ (ಒಂದು ಬಗೆಯ ರೇಡಿಯೊ ಅಲೆ) ರೂಪದಲ್ಲಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಕೊಂಡು 1965ರಲ್ಲಿ ಪ್ರಕಟಿಸಿದರು. ಮೊದಲು ಅದು ಅವರ ಆಂಟೆನಾದಲ್ಲಿ ಬಿಡದೆ ಬರುವ ಗದ್ದಲವಾಗಿ (ಬೇಡದ ಸಿಗ್ನಲ್) ಸಿಕ್ಕಿತ್ತು. ಪಾರಿವಾಳದ ಹಿಕ್ಕೆಯಿಂದ ಬರುತ್ತಿರಬೇಕೆಂದು ಆಂಟೆನಾ ತೊಳೆದಿದ್ದರು. ಗದ್ದಲ ಹೋಗಲೇ ಇಲ್ಲ! 1978ರಲ್ಲಿ ನೊಬೆಲ್ ಬಂತು.

ಆದರೆ ನಮ್ಮ ಟಿವಿಯ ಚುಕ್ಕಿಗಳಲ್ಲಿ ಅದರ ಪಾಲು ತುಂಬ ಕಡಿಮೆ, ನೂರಕ್ಕೆ ಒಂದರಷ್ಟು ಅಂತ ಲೆಕ್ಕ. ಟ್ರಾನ್ಸ್‌ಮಿಟರ್ ನಿಂತಾಗ ಟಿವಿಗೆ ಸಿಗ್ನಲ್ ಸಿಗುವುದಿಲ್ಲ. ಆಗ ಅದು ಬಂದದ್ದನ್ನೆಲ್ಲ ತಾನೇ ಜಾಸ್ತಿ ಹಿಗ್ಗಿಸಿ ತೋರಿಸುತ್ತದೆ. ಚುಕ್ಕಿಗಳಲ್ಲಿ ದೊಡ್ಡ ಪಾಲು ಟಿವಿಯ ಸರ್ಕ್ಯೂಟ್‌ನದೇ ಗದ್ದಲ. ಅಕ್ಕಪಕ್ಕದ ಕರೆಂಟ್ ಗದ್ದಲವೂ ಸೇರುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಚಿತ್ರದ ಮೇಲೆ ಬಿಳಿ ಗೆರೆ ಓಡುತ್ತಿತ್ತು, ನೆನಪಿದೆ ಅಲ್ವಾ? ಅದೇ ಜಾತಿಯದು.

ಅಟ್ಟದ ಮೇಲೆ ಹಳೇ ಟಿವಿ ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಆಂಟೆನಾ ವೈರ್ ಕಿತ್ತು ನೋಡಿ. ಆಕಾಶದಿಂದ ಏನೂ ಒಳಗೆ ಬರದಿದ್ದರೂ ಚುಕ್ಕಿಗಳು ಕುಣಿಯುತ್ತಲೇ ಇರುತ್ತವೆ.