ಮೌಸ್ ಮುಟ್ಟಬಾರದು ಅಂತ

ಕೋಡು ಬರೆಯೋಕೆ ನಾನು ಬಳಸುವ ಎಡಿಟರ್ ನೋಡಿದವರು ಮೊದಲು ಕೇಳುವುದು, "ಇದೇನು, ಹ್ಯಾಂಗ್ ಆಗಿದೆಯಾ?" ಅಂತ. ಎಡಗಡೆ ಫೈಲುಗಳ ಪಟ್ಟಿ ಇಲ್ಲ. ಮೇಲೆ ಟ್ಯಾಬ್ ಇಲ್ಲ, ಮೆನು ಇಲ್ಲ, ಸಾಲಿನ ನಂಬರ್ ಕೂಡ ಇಲ್ಲ. ಕಪ್ಪು ಪರದೆ, ಅದರ ಮೇಲೆ ಕೋಡು, ಅಷ್ಟೇ. ಎಲ್ಲವನ್ನೂ ಒಂದೊಂದಾಗಿ ನಾನೇ ಕಿತ್ತು ಹಾಕಿದ್ದೇನೆ. ಫೈಲ್ ಬೇಕೆಂದರೆ ಎರಡು ಬಟನ್ ಒತ್ತುತ್ತೇನೆ, ಚಿಕ್ಕದೊಂದು ಕಿಟಕಿ ಬರುತ್ತದೆ, ನಾಲ್ಕು ಅಕ್ಷರ ಹೊಡೆದರೆ ಫೈಲ್ ಹಾಜರು. ಮೌಸ್ ಮುಟ್ಟುವ ಹಾಗೇ ಇಲ್ಲ. ಇಷ್ಟು ಕೇಳಿದರೆ ಬದುಕು ಸುಖವಾಗಿದೆ ಅನ್ನಿಸುತ್ತದೆ, ಅಲ್ವಾ?

ಶುರುವಾಗಿದ್ದು ಹೆಸರಿನ ಕಾಟದಿಂದ. ಈಗಿನ ವೆಬ್ ಪ್ರಾಜೆಕ್ಟುಗಳಲ್ಲಿ ಯಾವ ಫೋಲ್ಡರ್ ತೆರೆದರೂ ಒಳಗೊಂದು ಇಂಡೆಕ್ಸ್ ಡಾಟ್ ಜೆಎಸ್ ಇರುತ್ತದೆ. ನಮ್ಮೂರಲ್ಲಿ ಮಂಜುನಾಥರು ಜಾಸ್ತಿಯಾಗಿ ಅಂಗಡಿ ಮಂಜ, ಕರೆಂಟ್ ಮಂಜ, ಮೇಲ್ಮನೆ ಮಂಜ ಅಂತ ಕರೆಯುವ ಹಾಗೆ, ವಿಎಸ್ ಕೋಡ್ ಅನ್ನೋ ಎಡಿಟರ್ ಕೂಡ ಒಂದೇ ಹೆಸರಿನ ಎರಡು ಟ್ಯಾಬ್ ತೆರೆದರೆ ಪಕ್ಕದಲ್ಲಿ ಫೋಲ್ಡರಿನ ಹೆಸರನ್ನು ಸಣ್ಣಕ್ಷರದಲ್ಲಿ ಹಾಕುತ್ತದೆ. ಟ್ಯಾಬ್ ಜಾಸ್ತಿಯಾದಾಗ ಆ ಸಣ್ಣಕ್ಷರವನ್ನು ಓದಿ ಆರಿಸುವಷ್ಟರಲ್ಲಿ ಯಾಕೆ ಬಂದೆ ಅನ್ನೋದೇ ಮರೆತಿರುತ್ತದೆ.

ಎಡಗಡೆಯ ಮರ, ಅಂದರೆ ಫೈಲ್ ಟ್ರೀ, ಇನ್ನೂ ತರಲೆ. ನಾವು ಯಾವ ಫೈಲಿಗೆ ಹೋದರೂ ಅದು ತಾನೇ ಜಾರಿಕೊಂಡು ಹೋಗಿ ಆ ಫೈಲನ್ನು ತೋರಿಸುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ಕಷ್ಟಪಟ್ಟು ಕೆಳಗಿಳಿದು ಒಂದು ಫೋಲ್ಡರಿನ ಹತ್ತಿರ ನಿಂತಿದ್ದೆವಲ್ಲ, ಆ ಜಾಗ ಹೋಯಿತು. ನೋಡ್ ಮಾಡ್ಯೂಲ್ಸ್ ಅನ್ನೋ ಫೋಲ್ಡರ್ ಕೈತಪ್ಪಿ ತೆರೆದುಕೊಂಡರಂತೂ ಕೇಳಲೇಬೇಡಿ, ಯಾರ್ಯಾರೋ ಬರೆದ ಪ್ಯಾಕೇಜುಗಳ ಹೆಸರುಗಳು ಸ್ಕ್ರೋಲ್ ಮಾಡಿದಷ್ಟೂ ಬರುತ್ತವೆ. ಒಂದು ಕ್ಲಿಕ್ ಮಾಡಿದರೆ ಫೈಲ್ ತೆರೆಯುತ್ತದೆ, ಆದರೆ ಟ್ಯಾಬಿನ ಹೆಸರು ಓರೆ ಅಕ್ಷರದಲ್ಲಿರುತ್ತದೆ. ಓರೆ ಇದ್ದರೆ ಅದು ತಾತ್ಕಾಲಿಕ ಅಂತ ಅರ್ಥ. ಇನ್ನೊಂದು ಫೈಲನ್ನು ಕ್ಲಿಕ್ ಮಾಡಿದ ಕೂಡಲೇ ಮೊದಲಿನದರ ಜಾಗಕ್ಕೆ ಅದು ಬಂದು ಕೂರುತ್ತದೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಗಾಬರಿಯಾಗಿ ಬಂದು, "ಸರ್, ನಾನು ತೆಗೆದ ಫೈಲುಗಳೆಲ್ಲ ಡಿಲೀಟ್ ಆಗ್ತಾ ಇವೆ" ಅಂದಿದ್ದ. ಪಾಪ, ಯಾವುದೂ ಡಿಲೀಟ್ ಆಗಿರಲಿಲ್ಲ. ಎರಡು ಸಲ ಕ್ಲಿಕ್ ಮಾಡಪ್ಪ ಅಂದೆ.

ಈ ಎಲ್ಲ ರಗಳೆಗೆ ಮದ್ದು, ಹೆಸರು ಹೊಡೆದು ಫೈಲ್ ಹುಡುಕುವ ಕಂಟ್ರೋಲ್ ಪಿ. ಸಬ್ಲೈಮ್ ಟೆಕ್ಸ್ಟ್ ಅನ್ನೋ ಇನ್ನೊಂದು ಎಡಿಟರ್ ಇದರ ರುಚಿ ಹತ್ತಿಸಿತು, ಆಮೇಲೆ 2015ರಲ್ಲಿ ಬಂದ ವಿಎಸ್ ಕೋಡಿನಲ್ಲೂ ಅದೇ ಬಟನ್. ಪೂರ್ತಿ ಹೆಸರು ಬೇಕಾಗಿಲ್ಲ. ಅಕ್ಷರಗಳು ಅದೇ ಕ್ರಮದಲ್ಲಿ ಇದ್ದರೆ ಸಾಕು, ನಡುವೆ ಎಷ್ಟು ಬಿಟ್ಟರೂ ಅದೇ ಊಹಿಸಿಕೊಳ್ಳುತ್ತದೆ. ಟರ್ಮಿನಲ್ಲಿನಲ್ಲಿ, ಅಂದರೆ ಟೈಪ್ ಮಾಡಿಯೇ ಆಜ್ಞೆ ಕೊಡುವ ಕಿಟಕಿಯಲ್ಲಿ, ಇದೇ ಕೆಲಸ ಮಾಡೋಕೆ ಜುನೆಗುನ್ ಚೋಯ್ ಎನ್ನುವವರು 2013ರಲ್ಲಿ ಎಫ್‌ಝಡ್‌ಎಫ್ ಅಂತ ಒಂದು ಪುಟ್ಟ ಪ್ರೋಗ್ರಾಂ ಮಾಡಿದರು. ಅದನ್ನು ಒಮ್ಮೆ ನೋಡಿದ ಮೇಲೆ ನಾನು ಕೀಬೋರ್ಡಿನಲ್ಲೇ ಎಲ್ಲ ನಡೆಸುವ ವಿಮ್ ಅನ್ನೋ ಎಡಿಟರ್ ಕಡೆ ಜಾರಿದೆ. ನಾನು ಮಾಡಿಕೊಂಡ ಸೆಟ್ಟಿಂಗಿನಲ್ಲಿ ಸ್ಪೇಸ್ ಒತ್ತಿ ಎಫ್ ಒತ್ತಿದರೆ ಫೈಲ್ ಹುಡುಕಾಟ, ಸ್ಪೇಸ್ ಒತ್ತಿ ಇ ಒತ್ತಿದರೆ ಮರ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಓಡಾಡೋಕೆ ಹೆಚ್, ಜೆ, ಕೆ, ಎಲ್. ಈ ನಾಲ್ಕು ಯಾಕೆ ಅಂದರೆ, ಬಿಲ್ ಜಾಯ್ ಅನ್ನೋ ಪ್ರೋಗ್ರಾಮರ್ 1976ರ ಸುಮಾರಿಗೆ ಅಮೆರಿಕದ ಬರ್ಕಲಿಯಲ್ಲಿ ವಿಮ್‌ನ ಪೂರ್ವಜನಾದ ವಿಐ ಬರೆಯುವಾಗ ಅವರ ಮುಂದೆ ಇದ್ದ ಎಡಿಎಂ‌‌-3ಎ ಅನ್ನೋ ಹಳೇ ಕಂಪ್ಯೂಟರ್ ಟರ್ಮಿನಲ್ಲಿನ ಕೀಬೋರ್ಡಿನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಬಟನ್ ಮೇಲೇ ಅಚ್ಚು ಹಾಕಿದ್ದರು. ವಿಮ್‌ನಲ್ಲಿ ಟೈಪ್ ಮಾಡುವ ಹೊತ್ತು ಬಿಟ್ಟರೆ ಉಳಿದಾಗ ಅಕ್ಷರಗಳೆಲ್ಲ ಆಜ್ಞೆಗಳೇ. ಟೈಪಿಂಗ್ ನಿಲ್ಲಿಸಿ ಆ ಸ್ಥಿತಿಗೆ ಬರೋಕೆ ಒತ್ತುವ ಎಸ್ಕೇಪ್ ಬಟನ್ ಕೂಡ ಈಗ ಟ್ಯಾಬ್ ಇರುವ ಜಾಗದಲ್ಲಿ, ಬೆರಳಿಗೆ ಸಿಗುವ ಹಾಗೆ ಇತ್ತು. ಈಗ ಅದು ಮೂಲೆಗೆ ಹೋಗಿದೆ. ಈ ಎಸ್ಕೇಪಿನ ಕಥೆಗೆ ಆಮೇಲೆ ಬರುತ್ತೇನೆ.

ತೊಂದರೆ ಏನೆಂದರೆ, ಎಡಿಟರನ್ನು ನಾವು ಬದಲಾಯಿಸುತ್ತೇವೆ ಅಂದುಕೊಳ್ಳುತ್ತೇವೆ, ಆದರೆ ಬದಲಾಗುವುದು ಬೆರಳು. ಆ ಬೆರಳು ಎಡಿಟರಿನಿಂದ ಹೊರಗೂ ಓಡಾಡುತ್ತದೆ.

ಬ್ರೌಸರನ್ನೇ ತೆಗೆದುಕೊಳ್ಳಿ. ವಿಮ್‌ನಲ್ಲಿ ಟೈಪ್ ಮಾಡುವಾಗ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಹಿಂದಿನ ಒಂದು ಪದ ಅಳಿಸುತ್ತದೆ. ಬ್ರೌಸರಿನಲ್ಲಿ ಒತ್ತಿದರೆ ಟ್ಯಾಬೇ ಮುಚ್ಚುತ್ತದೆ. ಆಫೀಸಿನ ಅಪ್ರೈಸಲ್ ಫಾರ್ಮಿನಲ್ಲಿ, ವರ್ಷವಿಡೀ ನಾನು ಎಷ್ಟು ಕಡಿದು ಗುಡ್ಡೆ ಹಾಕಿದ್ದೇನೆ ಅಂತ ಉದ್ದುದ್ದ ಬರೆದು, ಕೊನೆಯಲ್ಲಿ "ಬಹಳ" ಅನ್ನೋ ಒಂದು ಪದ ಜಾಸ್ತಿಯಾಯಿತು, ತೆಗೆಯೋಣ ಅಂತ ಬೆರಳು ಹೋಯಿತು ನೋಡಿ. ವರ್ಷದ ದುಡಿಮೆ ಎಲ್ಲ ಮಾಯ. ಮುಚ್ಚಿದ ಟ್ಯಾಬನ್ನು ವಾಪಸ್ ತರುವ ಬಟನ್ ಇದೆ, ಟ್ಯಾಬ್ ಬಂತು, ಡಬ್ಬಿಗಳು ಖಾಲಿ. ಎರಡನೇ ಸಲ ಬರೆಯುವಾಗ ನಾನು ಅಷ್ಟೇನೂ ಕೆಲಸ ಮಾಡಿಲ್ಲ ಅಂತ ನನಗೇ ಅನ್ನಿಸಿತು, ನಾಲ್ಕೇ ಸಾಲಲ್ಲಿ ಮುಗಿಸಿದೆ.

ಕಂಟ್ರೋಲ್ ಪಿ ಕಥೆ ಬೇರೆ. ಬ್ರೌಸರಿನಲ್ಲಿ ಅದು ಪ್ರಿಂಟ್. ಬೆರಳು ಕಂಟ್ರೋಲ್ ಪಿ ಒತ್ತಿ, ಫೈಲಿನ ನಾಲ್ಕಕ್ಷರ ಹೊಡೆದು, ಎಂಟರ್ ಒತ್ತುತ್ತದೆ. ಇಷ್ಟೆಲ್ಲ ಆದ ಮೇಲೆ ಕಣ್ಣು ನೋಡುತ್ತದೆ. ಅಷ್ಟರಲ್ಲಿ ಫ್ಲೋರಿನ ಆ ತುದಿಯಲ್ಲಿ ಪ್ರಿಂಟರ್ ಗುರುಗುಟ್ಟೋಕೆ ಶುರು ಮಾಡಿರುತ್ತದೆ. ಹೌಸ್‌ಕೀಪಿಂಗ್ ಅಕ್ಕ ದಪ್ಪ ಕಟ್ಟು ಹಿಡಿದು, "ಸರ್, ಇದು ನಿಮ್ದೇ ಅಲ್ವಾ?" ಅಂತ ನೇರ ನನ್ನ ಟೇಬಲ್ಲಿಗೇ ಬರುತ್ತಾರೆ. ಬೇರೆ ಯಾರನ್ನೂ ಕೇಳುವುದೂ ಇಲ್ಲ.

ಸರ್ವರಿಗೆ ಹೋದಾಗ ಬೇರೆ ಥರ. ಅಲ್ಲಿ ಇರುವುದು ಬೋಳು ವಿಮ್, ನನ್ನ ಸೆಟ್ಟಿಂಗ್ ಒಂದೂ ಇಲ್ಲ. ಯಾವುದೋ ಕಾನ್ಫಿಗ್ ಫೈಲ್, ಅಂದರೆ ಸರ್ವರಿನ ಸೆಟ್ಟಿಂಗ್ ಬರೆದಿಟ್ಟ ಫೈಲ್, ತೆರೆದುಕೊಂಡು, ಪಕ್ಕದ ಫೈಲ್ ಬೇಕು ಅಂತ ಸ್ಪೇಸ್, ಎಫ್, ಆಮೇಲೆ ಸಿ, ಒ, ಎನ್, ಎಫ್ ಅಂತ ಹೊಡೆದರೆ ಏನಾಗುತ್ತದೆ ಗೊತ್ತಾ? ಸ್ಪೇಸಿಗೆ ಕರ್ಸರ್ ಒಂದು ಹೆಜ್ಜೆ ಬಲಕ್ಕೆ ಹೋಗುತ್ತದೆ. ಎಫ್ ಸಿ ಅಂದರೆ ಅದೇ ಸಾಲಿನಲ್ಲಿ ಮುಂದಿರುವ ಸಿ ಅಕ್ಷರಕ್ಕೆ ಹಾರುತ್ತದೆ. ಒ ಅಂದರೆ ಕೆಳಗೆ ಹೊಸ ಸಾಲು ತೆರೆಯುತ್ತದೆ. ಉಳಿದ ಎನ್ ಎಫ್ ಆ ಸಾಲಿನಲ್ಲಿ ಹೋಗಿ ಕೂರುತ್ತದೆ. ಗ್ರಾಹಕರು ಬಳಸುತ್ತಿರುವ ಸರ್ವರಿನ ಕಾನ್ಫಿಗ್ ಫೈಲಿನ ನಡುವೆ "ಎನ್‌ಎಫ್" ಅಂತ ಒಂದು ಸಾಲು! ಸೇವ್ ಮಾಡದೆ ಹೊರಗೆ ಬರೋದು ಗೊತ್ತಿದ್ದರೆ ಬಚಾವ್. ತಮಾಷೆ ಅಂದರೆ, ಆ ಬೋಳು ವಿಮ್‌ನಲ್ಲೂ ಕರ್ಸರ್ ಕೆಳಗಿನ ಫೈಲ್ ಹೆಸರಿನ ಮೇಲೆ ಜಿ, ಎಫ್ ಒತ್ತಿದರೆ ಆ ಫೈಲ್ ತೆರೆಯುತ್ತದೆ. ಕಂಟ್ರೋಲ್ 6 ಒತ್ತಿದರೆ ಹಿಂದಿನ ಫೈಲಿಗೆ ವಾಪಸ್. ನಾನು ದಿನವಿಡೀ ಮಾಡುವ ಕೆಲಸದ ಮುಕ್ಕಾಲು ಪಾಲು ಇದೇ. ಅದಕ್ಕೆ ಹಾಕಿಕೊಂಡ ಪ್ಲಗಿನ್ನುಗಳನ್ನು ಮಾತ್ರ ಈಗಲೂ ವಾರವಾರ ಅಪ್‌ಡೇಟ್ ಮಾಡುತ್ತಾ ಕೂರುತ್ತೇನೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಬೋನಸ್ ಇದೆ. ಮನೆಗೆ ಮೆಸೇಜ್ ಹಾಕಿ, ಕನ್ನಡ ಟೈಪಿಂಗಿನ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಿಂದ ಇಂಗ್ಲಿಷಿಗೆ ಬದಲಾಯಿಸದೇ ಎಡಿಟರಿಗೆ ವಾಪಸ್ ಬಂದರೆ, "ಯೂಸರ್" ಫೈಲಿಗಾಗಿ ಹೊಡೆದ ನಾಲ್ಕು ಅಕ್ಷರ ಹುಡುಕಾಟದ ಡಬ್ಬಿಯಲ್ಲಿ "ಉಸೆರ" ಅಂತ ಬೀಳುತ್ತದೆ. ಉಸೆರ ಅಂತ ಫೈಲ್ ಯಾವ ಪ್ರಾಜೆಕ್ಟಿನಲ್ಲೂ ಇಲ್ಲ.

ಈಗ ಎಸ್ಕೇಪಿಗೆ ಬರೋಣ. ಮೂಲೆಯ ಬಟನ್ ತನಕ ಕಿರುಬೆರಳು ಚಾಚೋದು ಬೇಡ ಅಂತ ವಿಮ್ ಮಂದಿ ಜೆ ಜೆ ಅಂತ ಎರಡು ಸಲ ಒತ್ತಿದರೆ ಎಸ್ಕೇಪ್ ಆಗುವ ಹಾಗೆ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಎರಡು ಜೆ ಒಟ್ಟಿಗೆ ಬರುವ ಪದ ಸಿಗೋದೇ ಅಪರೂಪ, ಆದ್ದರಿಂದ ಯಾರಿಗೂ ತೊಂದರೆ ಇಲ್ಲ ಅಂತ ಅವರ ಲೆಕ್ಕ. ಅಮ್ಮ ಫೋನಿನಲ್ಲಿ ಹೇಳಿದ ಸಾಮಾನಿನ ಪಟ್ಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಳ್ಳುವವರು ಆ ಲೆಕ್ಕದಲ್ಲಿ ಇರಲಿಲ್ಲ. ಮಜ್ಜಿಗೆ ಅಂತ ಹೊಡೆದು ನೋಡಿ. ಎಮ್, ಎ ಬರುತ್ತದೆ. ಜೆ ಜೆಗೆ ಎಸ್ಕೇಪ್ ಆಗಿ ಕರ್ಸರ್ ಒಂದು ಹೆಜ್ಜೆ ಹಿಂದೆ, ಎ ಮೇಲೆ ನಿಲ್ಲುತ್ತದೆ. ಐ ಅಂದರೆ ಮತ್ತೆ ಟೈಪಿಂಗ್ ಶುರು ಅಂತ ಅರ್ಥ, ಅದೂ ಎ ಹಿಂದಿನಿಂದ. ಕೊನೆಗೆ ಪಟ್ಟಿಯಲ್ಲಿ ಉಳಿಯುವುದು ಎಮ್ ಜಿ ಇ ಎ. ಅಜ್ಜಿ ಅಂತ ಬರೆದರೆ ಬರೀ ಎ. ಬಜ್ಜಿ ಮೆಣಸಿನಕಾಯಿ, ಸಜ್ಜಿಗೆ ರವೆ, ಜಜ್ಜಿದ ಶುಂಠಿ, ಒಂದೂ ನೆಟ್ಟಗೆ ಇಳಿಯಲಿಲ್ಲ. ಒಂದು ಜೆ ಆದ ಮೇಲೆ ವಿಮ್ 1000 ಮಿಲಿಸೆಕೆಂಡ್ ಕಾಯುತ್ತದೆ, ಅಷ್ಟು ಹೊತ್ತು ಉಸಿರು ಹಿಡಿದುಕೊಂಡು ಎರಡನೇ ಜೆ ಒತ್ತಿದರೆ ಮಜ್ಜಿಗೆ ಮಜ್ಜಿಗೆಯಾಗಿಯೇ ಬರುತ್ತದೆ. ಆದರೆ ಮಜ್ಜಿಗೆಗೆಲ್ಲ ಅಷ್ಟು ತಾಳ್ಮೆ ಯಾರಿಗಿದೆ?

ಅದಕ್ಕೇ ಜೆ ಜೆ ಬಿಟ್ಟು ಜೆ ಕೆಗೆ ಬಂದೆ. ಕನ್ನಡದಲ್ಲಿ ಆ ಜೋಡಿ ಸಿಗೋದು ಅಪರೂಪ. ಅಡುಗೆಮನೆಯ ಪಟ್ಟಿ ಸರಿಹೋಯಿತು. ಆದರೆ ಬೆರಳಿನ ಬುದ್ಧಿ ಹೇಳಿದೆನಲ್ಲ, ಏನು ಬರೆದು ಮುಗಿಸಿದರೂ ಕೊನೆಗೆ ಒಂದು ಜೆಕೆ ಒತ್ತಿಯೇ ಏಳುತ್ತದೆ. ಲ್ಯಾಪ್‌ಟಾಪಿನಲ್ಲಿ ಹಾಕುವ ಮೆಸೇಜುಗಳ ಕೊನೆಗೂ ಬಂತು. ಈಗಿನ ಹುಡುಗರ ಚಾಟ್ ಭಾಷೆಯಲ್ಲಿ ಜೆಕೆ ಅಂದರೆ ಜಸ್ಟ್ ಕಿಡ್ಡಿಂಗ್, ಸುಮ್ನೆ ತಮಾಷೆಗೆ ಅಂತ. ಮೊನ್ನೆ ನಿಜವಾಗಿಯೂ ಮೈ ಸುಡುತ್ತಿತ್ತು. ಮ್ಯಾನೇಜರ್ ಮೇಡಂಗೆ ಬರೆದೆ: "ಮೇಡಂ, ರಾತ್ರಿಯಿಂದ ಜ್ವರ. ಇವತ್ತು ಬರೋಕಾಗಲ್ಲ ಜೆಕೆ."

ನಗುವ ಮುಖ ಮೂರು ಬಂದವು. ಕೆಳಗೆ, "ಒಳ್ಳೇ ಜೋಕು. ಹತ್ತು ಗಂಟೆಗೆ ಡೆಮೋ ಇದೆ, ಬೇಗ ಬನ್ನಿ."